ಮಲ್ಲಯ್ಯನ ಗಾಡಿಯ ಜಳಕದ ನೀರು

ಶಿವರಾತ್ರಿ ಮುಗಿಯಿತೆಂದರೆ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಲ್ಲಯ್ಯನ ಮಾತು ಶುರುವಾಗುತ್ತದೆ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕು. ಈ ಸೀಮೆಯಿಂದ ಅದು ನಾನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಒಂದೊಂದು ತಂಡ ಒಂದೊಂದು ಊರು ಹಿಡಿದು ನಡೆದರೂ ಎಲ್ಲರೂ ಕೊನೆಗೆ ಕರ್ನೂಲು, ಆತ್ಮಕೂರು ದಾಟಿ ನಲ್ಲಮಲದ ಅಡವಿ ಹೊಕ್ಕು, ಭೀಮನಕೊಳ್ಳ ಇಳಿದು ಏರಿ ಮಲ್ಲಿಕಾರ್ಜುನನ ಮುಂದೆ ನಿಲ್ಲುತ್ತಾರೆ. ಮುಂದೆ ಕಂಬಿ ಹೊತ್ತವರು, ಅವರ ಬೆನ್ನಿಗೆ ನಡೆಯುವ ಮಂದಿ. ಜೊತೆಗೆ ಹಾಸಿಗೆ, ಅಡುಗೆ ಸಾಮಾನು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ನೀರು ಹೊತ್ತ ಒಂದು ಗಾಡಿ.

ಆ ಗಾಡಿ ಬಹಳ ತಂಡಗಳಿಗೆ ಟ್ರ್ಯಾಕ್ಟರ್ ಟ್ರೇಲರು, ಕೆಲವರಿಗೆ ಟೆಂಪೊ. ನಾನು ನೋಡಲು ಹೋದದ್ದು ಬನಹಟ್ಟಿಯ ನೇಕಾರರ ಒಂದು ತಂಡ ಸೇರಿ ಕೊಂಡ ಹಳೆಯ ಮಿನಿ ಬಸ್ಸನ್ನು. ಸೀಟು ಕಿತ್ತು ಎರಡೂ ಬದಿಗೆ ಮಲಗುವ ಹಲಗೆ ಕೂಡಿಸಿದ್ದಾರೆ, ನಡುವೆ ಅಡುಗೆ ಸಾಮಾನಿನ ಕಪಾಟು. ಹಿಂದಿನ ಬಲ ಮೂಲೆಯಲ್ಲಿ ಮೂರಡಿಗೆ ಮೂರಡಿಯ ಒಂದು ಜಳಕದ ಕೋಣೆ. ಫೈಬರಿನ ಟ್ರೇ, ಪ್ಲಾಸ್ಟಿಕ್ ಹಾಳೆಯ ಗೋಡೆ, ಕೈಯಲ್ಲಿ ಹಿಡಿಯುವ ಶವರು, ಬ್ಯಾಟರಿಯಿಂದ ಓಡುವ 12 ವೋಲ್ಟಿನ ಸಣ್ಣ ಪಂಪು, ಸೀಟುಗಳಿದ್ದ ಜಾಗದಲ್ಲಿ 500 ಲೀಟರಿನ ಟ್ಯಾಂಕು. ವಿದೇಶಗಳಲ್ಲಿ ಜನ ರಜೆಗೆಂದು ಓಡಿಸುವ ಮನೆ-ಗಾಡಿಗಳಿಗೂ ಇದಕ್ಕೂ ಹೊಳಪಿನಲ್ಲಿ ಮಾತ್ರ ವ್ಯತ್ಯಾಸ, ಒಳಗಿನ ಕಟ್ಟು ಒಂದೇ. ರೋಗವೂ ಒಂದೇ: ಜಳಕ ಮಾಡಿದ ನೀರು ಹೋಗಬೇಕಾದ ಕಡೆ ಹೋಗದೆ ಇನ್ನೆಲ್ಲೋ ಇಳಿಯುತ್ತದೆ.

ಹಿಂದಿನ ಯಾತ್ರೆಯಲ್ಲಿ ಅದು ಇಳಿದದ್ದು ರೊಟ್ಟಿಯ ಬುಟ್ಟಿಗೆ. ಎಡಬದಿಯ ಹಲಗೆಯ ಕೆಳಗೆ, ಜಳಕದ ಕೋಣೆಯಿಂದ ಐದಡಿ ದೂರ ಇಟ್ಟಿದ್ದ ರೊಟ್ಟಿಗಳಿಗೆ ಬೂಷ್ಟು ಹಿಡಿಯಿತು. ಬನಹಟ್ಟಿಯ ಮನೆಮನೆಯಲ್ಲಿ ಹೆಣ್ಣುಮಕ್ಕಳು ತಟ್ಟಿ, ಸುಟ್ಟು, ಒಣಗಿಸಿದ ರೊಟ್ಟಿ. ದಾರಿಯಲ್ಲಿ ಅನ್ನದಾಸೋಹಗಳಿಗೆ ಕೊರತೆ ಇಲ್ಲವಾದ್ದರಿಂದ ಯಾರೂ ಉಪವಾಸ ಬೀಳಲಿಲ್ಲ. ಆದರೆ ಹಾಸಿಗೆ ಒದ್ದೆಯಾಯಿತು, ನೆಲದ ಪ್ಲೈವುಡ್ಡು ಉಬ್ಬಿತು. ಈ ವರ್ಷದ ಮೊದಲ ಬೈಠಕ್ಕಿನಲ್ಲೇ ಮಾತು ಬಂತು: ಆ ಕೋಣೆಯನ್ನು ಕಿತ್ತು ಹಾಕೋಣ, ಜಾಗವೂ ಉಳಿದೀತು.

ಬೇಡವೆಂದವರು ಹೆಣ್ಣುಮಕ್ಕಳು. ಹಗಲಿಡೀ ಬಿಸಿಲಲ್ಲಿ ನಡೆದು ಬಂದವರಿಗೆ ಮರೆಯಲ್ಲಿ ನಾಲ್ಕು ತಂಬಿಗೆ ನೀರು ಸುರಿದುಕೊಳ್ಳಲು ಒಂದು ಜಾಗ ಬೇಕು. ಗಂಡಸರಿಗೆ ರಸ್ತೆ ಬದಿಯ ಬೋರಿನ ಪೈಪು ಸಾಕು, ಹೊಲದ ಪಂಪಿನ ಹೌದು ಸಾಕು. ಹೆಂಗಸರು ನಸುಕಿನ ಮೂರಕ್ಕೆ ಎದ್ದು ಕತ್ತಲಲ್ಲಿ ಸೀರೆ ಮರೆ ಹಿಡಿದು ಜಳಕ ಮಾಡುತ್ತಿದ್ದ ವರ್ಷಗಳನ್ನು ಅವರು ಮರೆತಿಲ್ಲ. ಅರವತ್ತು ದಾಟಿದ ಒಬ್ಬ ತಾಯಿ ಖಂಡಿತವಾಗಿ ಹೇಳಿದರು: "ಸೋರತೈತಿ ಅಂದ್ರ ಸೋರೂದು ನಿಲ್ಲಸ್ರಿ. ಕೋಣಿ ಯಾಕ ಕೀಳತೀರಿ?" ಅವರ ಮಾತಿನ ಮೇಲೆಯೇ ಈ ಹುಡುಕಾಟ ನಡೆಯಿತು. ಅದು ನಡೆದ ಬಗೆ ಗಾಡಿ ಇರುವ ಎಲ್ಲ ತಂಡಗಳಿಗೂ ತಿಳಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಬಸ್ಸು ನಿಂತದ್ದು ಬನಹಟ್ಟಿಯಲ್ಲಿ, ಕಾಡಸಿದ್ಧೇಶ್ವರ ಗುಡಿಯಿಂದ ಬಹಳ ದೂರವಲ್ಲದ ಒಂದು ಬಣ್ಣದ ಕಾರ್ಖಾನೆಯ ಅಂಗಳದಲ್ಲಿ. ಎರಡೂ ಕಡೆ ಪಾವರ್‌ಲೂಮಿನ ಸದ್ದು. ಎದುರು ಮಾತಾಡುವವರು ದನಿ ಏರಿಸಿಯೇ ಮಾತಾಡಬೇಕು, ಊರಿನವರಿಗೆ ಅದು ರೂಢಿ. ಬಿದಿರಿನ ಗಳಕ್ಕೆ ಹಾಕಿದ ನೂಲಿನ ಲಡಿಗಳು ಕೆಂಪು, ಹಸಿರು, ಕಡುನೀಲಿಯಾಗಿ ಬಿಸಿಲಿಗೆ ಒಣಗುತ್ತಿದ್ದವು. ಬಸ್ಸಿನ ಸುತ್ತ ಸೇರಿದವರಲ್ಲಿ ಇಬ್ಬರ ಮಾತಿಗೆ ತೂಕವಿತ್ತು. ಒಬ್ಬರು ಆ ಅಂಗಳದಲ್ಲೇ ನೂಲಿಗೆ ಬಣ್ಣ ಹಾಕುವ ಹಿರಿಯರು, ಇನ್ನೊಬ್ಬರು ರಬಕವಿಯಲ್ಲಿ ಬೋರಿನ ಪಂಪು ರಿಪೇರಿ ಮಾಡುವ ಮಿಸ್ತ್ರಿ.

ಮಿಸ್ತ್ರಿ ಮೊದಲು ಮಾಡಿದ ಕೆಲಸ ಗಾಡಿಯನ್ನು ಸಮ ಮಾಡಿದ್ದು. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಸಣ್ಣ ಪೈಪನ್ನು ಬಸ್ಸಿನ ಹಿಂದಿನ ಮತ್ತು ಮುಂದಿನ ಬಾಗಿಲಿಗೆ ಹಿಡಿದು ನೋಡಿದರು. ಅಂಗಳದ ಇಳಿಜಾರಿನಿಂದ ಬಸ್ಸಿನ ಮೂತಿ ಎರಡು ಬೆರಳು ಕೆಳಗಿತ್ತು. ಹಿಂದಿನ ಮೂಲೆಯಲ್ಲಿ ಸೋರಿದ ನೀರು ಮುಂದೆ ಎಡ ಹಲಗೆಯ ಕೆಳಗೆ ಕಾಣಿಸಿಕೊಂಡ ಗುಟ್ಟು ಅರ್ಧ ಅಲ್ಲೇ ಬಯಲಾಯಿತು. ನೆಲದ ಕೆಳಗೆ ಉದ್ದಕ್ಕೆ ಓಡುವ ಕಬ್ಬಿಣದ ಚಾನೆಲ್ಲಿನ ತಗ್ಗಿನಲ್ಲಿ ನೀರು ಹರಿದು, ಮೊದಲ ತೂತು ಸಿಕ್ಕಲ್ಲಿ ತೊಟ್ಟಿಕ್ಕುತ್ತಿತ್ತು. ನೀರು ಬೀಳುವ ಜಾಗ ಬೇರೆ, ಹೊರಡುವ ಜಾಗ ಬೇರೆ. ಈ ಸೀಮೆಯ ಹೊಲದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮೇಲಿನ ಕಬ್ಬಿನ ಹೊಲಕ್ಕೆ ಹಾಯಿಸಿದ ನೀರು ಕೆಳಗಿನ ಹೊಲದಲ್ಲಿ ಜವಳಾಗಿ ಮೇಲೇಳುವುದನ್ನು ಅವರು ವರ್ಷ ವರ್ಷ ನೋಡುತ್ತಾರೆ.

ಸಮ ಮಾಡಿದ ಮೇಲೆ ಮಿಸ್ತ್ರಿ ನೀರು ಹಾಕಲಿಲ್ಲ. ದಬ್ಬಣ ತೆಗೆದುಕೊಂಡು ನೆಲದ ಪ್ಲೈವುಡ್ಡನ್ನು ಗೇಣು ಗೇಣಿಗೆ ಚುಚ್ಚುತ್ತ ಹೋದರು. ಗಟ್ಟಿ ಇದ್ದಲ್ಲಿ ಬಿಟ್ಟು, ಮೆತ್ತಗಾದಲ್ಲಿ ಸೀಮೆಸುಣ್ಣದ ಗುರುತು ಹಾಕಿದರು. ಗುರುತುಗಳೆಲ್ಲ ಸೇರಿ ಒಂದು ಆಕಾರ ಮೂಡಿತು: ಜಳಕದ ಟ್ರೇಯ ಬಾಯಿಯ ಸುತ್ತ ಅಗಲವಾಗಿ, ಅಲ್ಲಿಂದ ಎಡಕ್ಕೆ ಸಣ್ಣ ಪಟ್ಟಿಯಾಗಿ. ಇದಕ್ಕೆ ಸೇರದ ಇನ್ನೊಂದು ಗುರುತು ಕೋಣೆಯ ಹಿಂಗೋಡೆಯ ಬುಡದಲ್ಲಿತ್ತು, ಅಂಗೈಯಗಲ. ಅದರ ಮಾತು ಆಮೇಲೆ.

ಹಳೆಯ ಸಿಲಿಕಾನನ್ನು ಪೂರ್ತಿ ಕೆರೆದು ತೆಗೆಸಿದ್ದು ಮುಂದಿನ ಹೆಜ್ಜೆ. ಸೋರಿದಾಗಲೆಲ್ಲ ತಂಡದವರು ಟ್ಯೂಬು ತಂದು ಮೂಲೆ ಮೂಲೆಗೆ ಬಳಿದಿದ್ದರು. ಒಂದು ಪದರದ ಮೇಲೆ ಇನ್ನೊಂದು, ಸಾಬೂನಿನ ಜಿಡ್ಡಿನ ಮೇಲೆಯೇ. ಸಿಲಿಕಾನು ಹಳೆಯ ಸಿಲಿಕಾನಿಗೆ ಸರಿಯಾಗಿ ಅಂಟುವುದಿಲ್ಲ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಕೂದಲೆಳೆಯ ಸಂದಿ ಉಳಿಯುತ್ತದೆ, ಸಂದಿಯೊಳಗೆ ಸಿಕ್ಕ ನೀರು ಹೊರಬರದೆ ಮರವನ್ನು ಕೊಳೆಸುತ್ತದೆ. ಸೋರಿಕೆಯ ಮೂಲ ಗೊತ್ತಾಗುವ ಮುನ್ನ ಬಳಿಯುವ ಲೇಪ ಸೋರಿಕೆಯನ್ನು ನಿಲ್ಲಿಸುವುದಿಲ್ಲ, ಅಡಗಿಸುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಪರೀಕ್ಷೆ. ಜಳಕದ ಕೋಣೆಯಲ್ಲಿ ಮೂರು ಬಗೆಯ ನೀರು ಇರುತ್ತದೆ. ಪಂಪಿನಿಂದ ಶವರಿನ ತುದಿಯವರೆಗೆ ಒತ್ತಡದಲ್ಲಿ ಬರುವ ನೀರು. ಟ್ರೇಯಲ್ಲಿ ನಿಂತು ತೂತಿನ ಮೂಲಕ ಇಳಿದು ಹೋಗುವ ನೀರು. ಗೋಡೆಗೆ, ಬಾಗಿಲಿಗೆ ಸಿಡಿದು ಜಾರುವ ನೀರು. ಮೂರನ್ನೂ ಒಟ್ಟಿಗೆ ಬಿಟ್ಟು ಕೆಳಗೆ ಬಗ್ಗಿ ನೋಡಿದರೆ ಯಾವುದು ಕಳ್ಳನೆಂದು ಎಂದಿಗೂ ಗೊತ್ತಾಗದು. ಒಂದೊಂದನ್ನೇ ಬಿಡಬೇಕು. ಬಣ್ಣದ ಹಿರಿಯರಿಗೆ ಇದು ಕೇಳಿದೊಡನೆ ಹೊಳೆಯಿತು. ಒಳಗೆ ಹೋಗಿ ನೂಲಿನ ಬಣ್ಣದ ಡಬ್ಬಿಗಳನ್ನು ತಂದರು. ತೂತಿನ ನೀರಿಗೆ ಕೆಂಪು, ಟ್ರೇಯ ನೀರಿಗೆ ನೀಲಿ, ಗೋಡೆಯ ನೀರಿಗೆ ಹಸಿರು. ಚಿಟಿಕೆಯಷ್ಟು ಸಾಕು, ಕೈಗವಸು ಹಾಕಿಕೊಳ್ಳಬೇಕು, ಮುಗಿದ ಕೂಡಲೇ ಟ್ರೇ ತೊಳೆಯದಿದ್ದರೆ ಫೈಬರಿಗೆ ಕಲೆ ನಿಲ್ಲುತ್ತದೆ ಎಂದು ಎಚ್ಚರಿಸಿದರು. ಬೇರೆ ಊರಿನವರು ಇದಕ್ಕೆ ಪೇಟೆಯಲ್ಲಿ ಬಣ್ಣ ಹುಡುಕಬೇಕು. ಬನಹಟ್ಟಿಯಲ್ಲಿ ಅದು ಅಂಗಳದಲ್ಲೇ ಇತ್ತು.

ಒತ್ತಡದ ನೀರಿನ ಪರೀಕ್ಷೆ ಸುಲಭ. ನಲ್ಲಿಗಳನ್ನೆಲ್ಲ ಮುಚ್ಚಿ ಪಂಪು ಹಾಕಿದರು. ಅದು ಕ್ಷಣ ಗುರುಗುಟ್ಟಿ, ಒತ್ತಡ ತುಂಬಿದ ಮೇಲೆ ತಾನಾಗಿ ನಿಂತಿತು. ಯಾರೂ ನೀರು ಬಳಸದೆಯೂ ಸ್ವಲ್ಪ ಹೊತ್ತಿಗೊಮ್ಮೆ ಪಂಪು ಮತ್ತೆ ಗುರುಗುಟ್ಟಿದರೆ ಪೈಪಿನಲ್ಲೆಲ್ಲೋ ಸೋರಿಕೆ ಇದೆ, ಇಲ್ಲವೇ ಪಂಪಿನೊಳಗಿನ ವಾಲ್ವು ನೀರನ್ನು ಹಿಂದಕ್ಕೆ ಬಿಡುತ್ತಿದೆ ಎಂದು ಅರ್ಥ. ಮಗ್ಗಗಳ ಸದ್ದಿನಲ್ಲಿ ಕೇಳಿಸದೆಂದು ಮಿಸ್ತ್ರಿ ಪಂಪಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಅದು ಅಲುಗಲಿಲ್ಲ. ಆದರೆ ಅಲ್ಲಿಗೇ ಅವರು ಬಿಡಲಿಲ್ಲ. ನಲ್ಲಿ ಮುಚ್ಚಿದಾಗ ಒತ್ತಡ ನಲ್ಲಿಯವರೆಗೆ ಮಾತ್ರ, ನಲ್ಲಿಯಿಂದ ಶವರಿನವರೆಗಿನ ಕೊಳವೆ ಖಾಲಿ. ಅದಕ್ಕೆ ಶವರಿನ ತಲೆಯನ್ನು ಕೋಣೆಯ ಹೊರಗೆ ಬಕೀಟಿಗೆ ಇಳಿಬಿಟ್ಟು ನಲ್ಲಿ ತೆರೆದರು. ಟ್ರೇಗೂ ಗೋಡೆಗೂ ಒಂದು ಹನಿ ತಾಗದಂತೆ ಕೊಳವೆಯಲ್ಲಿ ಮಾತ್ರ ನೀರು ಹರಿಯಿತು. ಗೋಡೆಯ ಹಿಂದೆ ಕೈಯಾಡಿಸಿದರೆ ಒಣ ಒಣ. ಒತ್ತಡದ ನೀರಿನ ಮೇಲಿನ ಅನುಮಾನ ತೀರಿತು.

ಕೆಂಪು ನೀರನ್ನು ಲಾಳಿಕೆ ಇಟ್ಟು, ಟ್ರೇ ತೊಯ್ಯದಂತೆ, ನೇರ ತೂತಿನೊಳಗೇ ಹೊಯ್ದರು. ಕೆಳಗೆ ಒಬ್ಬ ಹುಡುಗ ಬಿಳಿ ಅರಿವೆಯ ತುಂಡು ಹಿಡಿದು ಪ್ರತಿ ಜೋಡಣೆಗೂ ಒತ್ತಿ ನೋಡಿದ. ಬಿಳಿ ಬಿಳಿಯಾಗಿಯೇ ಉಳಿಯಿತು. ಕೆಳಗಿನ ಪೈಪೂ ನಿರಪರಾಧಿ.

ನೀಲಿ ನೀರಿನದು ಸೂಕ್ಷ್ಮ ಕೆಲಸ, ಬಹಳ ಜನ ಎಡವುವುದು ಇಲ್ಲಿಯೇ. ಟ್ರೇಯ ತೂತಿನಲ್ಲಿ ಜಾಲಿ ಕೂತಿರುವ ಬಳೆಯಂಥ ಭಾಗಕ್ಕೆ ಮಿಸ್ತ್ರಿಗಳು ಫ್ಲ್ಯಾಂಜ್ ಅನ್ನುತ್ತಾರೆ. ಅದರ ಅಂಚಿನ ಅಡಿಯಲ್ಲಿ ಒಂದು ರಬ್ಬರ್ ವಾಷರು. ಮೇಲಿನಿಂದ ಅಗಲವಾದ ರಬ್ಬರ್ ತಟ್ಟೆ ಮುಚ್ಚಿ ನೀರು ತುಂಬಿದರೆ ಫ್ಲ್ಯಾಂಜಿಗೆ ನೀರು ತಾಗದು, ಆಗ ಪರೀಕ್ಷೆ ಟ್ರೇಯದು ಮಾತ್ರ. ತೂತಿನೊಳಗೆ ಕೆಳಗೆ ಬೂಚು ಇಳಿಸಿ ತುಂಬಿದರೆ ಫ್ಲ್ಯಾಂಜಿನ ಸಂದಿಯೂ ತೊಯ್ಯುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಮಾಡಬೇಕು. ಮೊದಲು ತಟ್ಟೆ ಮುಚ್ಚಿ ಎರಡು ಬೆರಳು ನೀಲಿ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ಲಿನ ಗೆರೆ ಎಳೆದು, ಚಹಾ ಕುಡಿಯಲು ಹೋದೆವು. ಬಂದು ನೋಡಿದರೆ ನೀರು ಗೆರೆಯ ಮೇಲೆಯೇ ನಿಂತಿತ್ತು. ಟ್ರೇ ಬಿರಿದಿಲ್ಲ. ಆಮೇಲೆ ಬೂಚು ಕೆಳಗಿಳಿಸಿದರು. ಆಗಲೂ ನೀರು ಕದಲಲಿಲ್ಲ.

ಕೂಡಿದವರ ಮುಖ ಬಾಡಿತು. ಎಲ್ಲ ಸರಿ ಇದ್ದರೆ ಸೋರುವುದು ಏನು? ಆಗ ಆ ತಾಯಿಯೇ ಮುಂದೆ ಬಂದರು. "ಬರೇ ನೀರು ಹೊಯ್ದ್ರ ಏನ್ ಗೊತ್ತಾಗತೈತಿ? ಜಳಕಾ ಮಾಡೂವಾಗ ಮನಿಷಾ ಒಳಗ ನಿಂತಿರ್ತಾನಲ್ಲ" ಎಂದರು. ಮಿಸ್ತ್ರಿ ಎದ್ದು ಕಾಲು ತೊಳೆದು ನೀಲಿ ನೀರಿನಲ್ಲಿ ನಿಂತು, ಜಳಕ ಮಾಡುವವರು ಹೊರಳುವಂತೆ ಅತ್ತಿತ್ತ ಹೊರಳಿದರು. ಕೆಳಗಿನ ಹುಡುಗ ಕೂಗಿದ. ಅವನ ಕೈಯಲ್ಲಿನ ಅರಿವೆಯ ಮೇಲೆ ನೀಲಿ ಚುಕ್ಕೆ. ಮಿಸ್ತ್ರಿ ಕಾಲು ತೆಗೆದರೆ ಹನಿ ನಿಲ್ಲುತ್ತಿತ್ತು, ಕಾಲೂರಿದರೆ ಬೀಳುತ್ತಿತ್ತು.

ಕಾರಣ ಟ್ರೇಯ ಅಡಿಯಲ್ಲಿತ್ತು. ಟ್ರೇಯ ನಾಲ್ಕು ಅಂಚಿಗೆ ಪಟ್ಟಿಯ ಆಸರೆ ಇತ್ತು, ನಡುವೆ ಏನೂ ಇರಲಿಲ್ಲ. ಆಳು ನಿಂತಾಗ ಫೈಬರು ಕೂದಲೆಳೆಯಷ್ಟು ಬಗ್ಗುತ್ತದೆ. ಆದರೆ ಕೆಳಗಿನ ಪೈಪು ಗಟ್ಟಿ ಪಿವಿಸಿ, ಅದನ್ನು ಚಾಸಿಗೆ ಕ್ಲ್ಯಾಂಪು ಹಾಕಿ ಬಿಗಿದಿದ್ದರು. ಟ್ರೇ ಬಗ್ಗಿದರೂ ಪೈಪು ಬಗ್ಗದು. ಇವೆರಡರ ಜಗ್ಗಾಟದಲ್ಲಿ ನಡುವಿನ ವಾಷರು ಒಂದು ಬದಿ ಬಾಯಿ ಬಿಡುತ್ತದೆ. ಮನೆಯ ಬಚ್ಚಲಿಗೆ ಮಾಡುವ ಕೆಲಸವನ್ನೇ ಗಾಡಿಯ ಬಚ್ಚಲಿಗೆ ಮಾಡಿದ್ದರ ಫಲ ಇದು. ಮನೆಯ ನೆಲ ಅಲುಗದು. ಗಾಡಿ ರಸ್ತೆಯ ಪ್ರತಿ ಹಂಪಿಗೂ ತಿರುಚಿಕೊಳ್ಳುತ್ತದೆ. ಅಲುಗುವ ಜಾಗದಲ್ಲಿ ಗಟ್ಟಿ ಜೋಡಣೆ ಇದ್ದರೆ ಒಂದಲ್ಲ ಒಂದು ದಿನ ಅದು ಬಿಡುತ್ತದೆ, ಅಮೆರಿಕದ ಲಕ್ಷಾಂತರ ಡಾಲರಿನ ಗಾಡಿಯಾದರೂ ಸರಿ.

ಸಾಮಾನಿಗೆ ಜಮಖಂಡಿಗೆ ಹೋಗಬೇಕಾಯಿತು. ಬನಹಟ್ಟಿಯಿಂದ ಜಮಖಂಡಿಯ ದಾರಿಯಲ್ಲಿ ಎರಡೂ ಕಡೆ ಕಬ್ಬು. ಕಟಾವು ಮುಗಿದ ಹೊಲಗಳಲ್ಲಿ ರವದಿ ಸುಟ್ಟ ಕಪ್ಪು. ಪಟವರ್ಧನರ ಸಂಸ್ಥಾನದ ರಾಜಧಾನಿಯಾಗಿದ್ದ ಊರು 1948ರಲ್ಲಿ ಭಾರತದೊಳಗೆ ಸೇರಿತು. ರಾಮತೀರ್ಥದ ಗುಡ್ಡದ ಮೇಲೆ ಅರಮನೆ ಇನ್ನೂ ಇದೆ. ಪೇಟೆಗೆ ಮಾತ್ರ ಈಗ ಕಬ್ಬಿನ ಹಂಗಾಮೇ ದೊರೆ. ದೇಸಾಯಿ ಸರ್ಕಲ್ ಕಡೆಯಿಂದ ಒಳಗೆ ಹೊಕ್ಕರೆ ಹಾರ್ಡ್‌ವೇರಿನ ಅಂಗಡಿಗಳಲ್ಲಿ ಡ್ರಿಪ್ಪಿನ ಪೈಪು, ಪಂಪಿನ ಗ್ಯಾಸ್ಕೆಟ್ಟು, ವಾಲ್ವು, ನೂರು ಬಗೆಯ ರಬ್ಬರು. ನೀರನ್ನು ಹಿಡಿದು ನಿಲ್ಲಿಸುವ ವಿದ್ಯೆ ಈ ತಾಲ್ಲೂಕಿನಲ್ಲಿ ಹಳೆಯದು. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜು ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರ ಅದರ ಹೆಸರು. ಬ್ಯಾರೇಜು ಕಟ್ಟಿದರೆ ಅರ್ಧ ಕೆಲಸ, ಗೇಟಿನ ಸಂದಿಯಲ್ಲಿ ನೀರು ಹೋಗದಂತೆ ನೋಡಿಕೊಳ್ಳುವುದು ಇನ್ನರ್ಧ. ಹಳೆಯ ಕೊಲ್ಲಾಪುರ ಮಾದರಿ ಬಾಂದಾರಗಳಲ್ಲಿ ಎರಡು ಸಾಲು ಹಲಗೆ ನಿಲ್ಲಿಸಿ ನಡುವೆ ಮಣ್ಣು ತುಂಬಿ ಗಿಡಿಯುವುದು ಇದೇ ಕಾರಣಕ್ಕೆ.

ಅಂಗಡಿಯ ಮಾಲೀಕರು ಕೇಳಿದ ಮೊದಲ ಪ್ರಶ್ನೆಯೇ ಸರಿಯಾಗಿತ್ತು: "ಅಲಗಾಡೂ ಜಾಗಕ್ಕೋ, ಅಲಗಾಡದ ಜಾಗಕ್ಕೋ?" ಅಲುಗದ ಜಾಗಕ್ಕಾದರೆ ಎಪಾಕ್ಸಿ ಲಪ್ಪ ನಡೆಯುತ್ತದೆ. ಅಲುಗುವ ಜಾಗದಲ್ಲಿ ಅದು ಕಲ್ಲಾಗಿ ಬಿರಿಯುತ್ತದೆ. ಬಿಳಿ ಸಿಮೆಂಟಂತೂ ಗಾಡಿಯೊಳಗೆ ಬರಲೇಬಾರದು. ಸಿಲಿಕಾನಿನಲ್ಲೂ ಎರಡು ಜಾತಿ. ಒಣಗುವಾಗ ವಿನೆಗರಿನಂತೆ ಘಾಟು ಬರುವ ಅಗ್ಗದ್ದು ಜಿಂಕು ಬಳಿದ ತಗಡನ್ನು ತಿನ್ನುತ್ತದೆ. ಘಾಟಿಲ್ಲದ ನ್ಯೂಟ್ರಲ್ ಬಗೆಯದು ಲೋಹಕ್ಕೆ ಒಳ್ಳೆಯದು. ಫ್ಲ್ಯಾಂಜಿಗೆ ದಪ್ಪನೆಯ ಇಪಿಡಿಎಂ ರಬ್ಬರ್ ವಾಷರು, ಪಿವಿಸಿಯ ಬದಲು ಗೇಣುದ್ದದ ಬಗ್ಗುವ ಕೊಳವೆ, ಅದರ ಎರಡೂ ತುದಿಗೆ ಸ್ಟೇನ್‌ಲೆಸ್ ಕ್ಲಿಪ್ಪು, ಒಂದು ಟ್ಯೂಬು ಪಾಲಿಯುರೆಥೇನ್ ಸೀಲಂಟು ಕಟ್ಟಿಸಿಕೊಂಡೆವು. ಎಲ್ಲಾ ಕೂಡಿ ತಂಡದವರು ಹಿಂದೆ ಸಿಲಿಕಾನಿಗೆ ಸುರಿದದ್ದಕ್ಕಿಂತ ಕಡಿಮೆ ಬಿತ್ತು.

ಟ್ರೇಯ ಅಡಿಗೆ ಆಸರೆ ಕೂಡಿಸುವ ಕೆಲಸ ಮುಧೋಳದಲ್ಲಿ. ಅಲ್ಲಿಗೇ ಯಾಕೆಂದರೆ ತಂಡದ ಒಬ್ಬರಿಗೆ ಪರಿಚಯದ ಗ್ಯಾರೇಜು ಅಲ್ಲಿತ್ತು, ಕಬ್ಬಿನ ಟ್ರೇಲರುಗಳನ್ನು ಬೆಸುಗೆ ಹಾಕುವಂಥದು. ಘಟಪ್ರಭೆಯ ದಂಡೆಯ ಮುಧೋಳವೆಂದರೆ ಓದುವವರಿಗೆ ರನ್ನ, ಸಾಕುವವರಿಗೆ ಬೇಟೆನಾಯಿ. ಆ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ಬಂತು. ರಸ್ತೆ ಬದಿಯ ಗ್ಯಾರೇಜುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಹಂಗಾಮಿನ ನಾಲ್ಕೈದು ತಿಂಗಳು ಒಂದರ ಹಿಂದೆ ಒಂದು ಎರಡೆರಡು ಟ್ರೇಲರು ಕಟ್ಟಿಕೊಂಡು ಕಾರ್ಖಾನೆಗೆ ಕಬ್ಬು ಸಾಗುವುದು ಅವರ ಬೆಸುಗೆಯ ಮೇಲೆ. ಭಾರ ಬಿದ್ದಾಗ ಚೌಕಟ್ಟು ಎಲ್ಲಿ ಬಗ್ಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದು ಅವರಿಗೆ ಅಂಗೈ ಮೇಲಿನ ಗೆರೆ.

ಬೆಸುಗೆಯವರು ಟ್ರೇಯನ್ನು ಕೆಳಗಿನಿಂದ ಬೆರಳಿನಿಂದ ತಟ್ಟಿ, ಡೊಳ್ಳಾಗಿ ನುಡಿಯುವ ಜಾಗ ಗುರುತಿಸಿದರು. ಚೌಕಟ್ಟಿಗೆ ಎರಡು ಅಡ್ಡಪಟ್ಟಿ ಹಾಕಿ, ಅದರ ಮೇಲೆ ನೀರು ತಾಳುವ ಪ್ಲೈವುಡ್ಡಿನ ಹಲಗೆ ಕೂಡಿಸಿ, ಹಲಗೆಗೂ ಟ್ರೇಗೂ ನಡುವೆ ತೆಳುವಾಗಿ ರಬ್ಬರ್ ಹಾಳೆ ಹಾಸಿದರು. ಪೈಪಿನ ಕ್ಲ್ಯಾಂಪಿನ ತೂತನ್ನು ಉದ್ದ ಕೊರೆದರು. ಬೋಲ್ಟು ಅದರೊಳಗೆ ಕಾಳಿನಷ್ಟು ಸರಿದಾಡಲಿ ಎಂದು. ಬಿಗಿಯಾಗಿರುವುದೇ ಗಟ್ಟಿ ಎಂದು ನಂಬುವ ನಮ್ಮಂಥವರಿಗೆ ಇದು ವಿಚಿತ್ರ. ಟ್ರೇಲರು ಕಟ್ಟುವವರಿಗೆ ಇದು ನಿತ್ಯದ ಲೆಕ್ಕ. ಹಳೆಯ ಪ್ಲೈವುಡ್ಡಿನ ಮೆತ್ತಗಾದ ಭಾಗವನ್ನು ಸೀಮೆಸುಣ್ಣದ ಗುರುತಿನ ಹೊರಗೆ ಒಂದು ಗೇಣು ಬಿಟ್ಟು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಗಿಲು ಕಿಟಕಿ ತೆರೆದು ಬಿಸಿಲಿಗೆ ಒಣಗಲು ಬಿಟ್ಟರು. ಈ ಕಾಯುವಿಕೆಯನ್ನು ಯಾರೂ ತಪ್ಪಿಸಬಾರದು. ಹಸಿ ಮರದ ಮೇಲೆ ಹೊಸ ಹಾಸು ಹಾಕಿದರೆ ಒಳಗಿನ ತೇವ ಒಳಗೇ ಉಳಿದು ಹೊಸದನ್ನೂ ಕೊಳೆಸುತ್ತದೆ.

ಗೋಡೆಯ ಹಸಿರು ನೀರಿನ ಪರೀಕ್ಷೆಯನ್ನು ಬನಹಟ್ಟಿಯಲ್ಲೇ ಯಾಕೆ ಮುಗಿಸಲಿಲ್ಲ ಎಂದು ಓದುಗರು ಕೇಳಬಹುದು. ಗೋಡೆಯ ನೀರು ಕೊನೆಗೆ ಟ್ರೇಗೇ ಇಳಿಯುತ್ತದೆ. ಟ್ರೇ ಸೋರುತ್ತಿರುವಾಗ ಗೋಡೆಯನ್ನು ಪರೀಕ್ಷಿಸಿದರೆ ಕೆಳಗೆ ಬಿದ್ದ ಹನಿ ಎರಡರಲ್ಲಿ ಯಾರದೆಂದು ಹೇಳಲಾಗದು. ಕೆಳಗಿನದನ್ನು ಸರಿಪಡಿಸಿಯೇ ಮೇಲಕ್ಕೆ ಹೋಗಬೇಕು. ಜೊತೆಗೆ, ನಿಂತ ಗಾಡಿಯಲ್ಲಿ ಮುಚ್ಚಿಕೊಂಡಿರುವ ಸಂದಿ ಓಡಿ ನಡುಗಿದ ಮೇಲೆ ಬಾಯಿ ಬಿಡಬಹುದು. ಆದ್ದರಿಂದ ಆ ಪರೀಕ್ಷೆಯನ್ನು ಗಾಡಿ ಓಡಿಸಿ ನೋಡುವ ಬೀಳಗಿಯ ದಾರಿಗೆ ಇಟ್ಟುಕೊಂಡರು.

ಮುಧೋಳದಿಂದ ಬೀಳಗಿಗೆ ಹೊರಟ ದಿನ ಟ್ಯಾಂಕು ತುಂಬಿಸಿ, ಹಲಗೆಗಳ ಮೇಲೆ ಆಳು ಕೂಡಿಸಿ, ಯಾತ್ರೆಯ ಭಾರದಲ್ಲೇ ಗಾಡಿ ಓಡಿಸಿದರು. ಕಬ್ಬಿನ ಟ್ರೇಲರುಗಳ ಹಿಂದೆ ತೆವಳುತ್ತ, ಊರೂರಿನ ಹಂಪುಗಳನ್ನು ಹತ್ತಿ ಇಳಿಯುತ್ತ ಹೋಯಿತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ ಇರುವ ತಾಲ್ಲೂಕು ಬೀಳಗಿ. ಎರಡೂ ನದಿಗಳು ಕೂಡುವ ಚಿಕ್ಕಸಂಗಮವೂ ಇಲ್ಲಿಯದೇ. ಆಲಮಟ್ಟಿಯ ಹಿನ್ನೀರು ಇಲ್ಲಿನ ಎಷ್ಟೋ ಊರುಗಳನ್ನು ಎಬ್ಬಿಸಿ ಬೇರೆ ಕಡೆ ಕೂಡಿಸಿದೆ. ಬೀಳಗಿಯ ಅರೆತ್ತಿನ ಬಾವಿ ನೋಡಬೇಕೆಂಬ ಆಸೆ ತಂಡದ ಹುಡುಗರದು. ಮಿಸ್ತ್ರಿ ಒಪ್ಪಲಿಲ್ಲ, ಮೊದಲು ಗಾಡಿ ಎಂದರು. ಊರ ಹೊರಗೆ ಬೇವಿನ ನೆರಳಿನಲ್ಲಿ ನಿಲ್ಲಿಸಿ ಮತ್ತೆ ಮಟ್ಟದ ಪೈಪು ಹಿಡಿದರು.

ನೀಲಿ ನೀರು, ಟ್ರೇಯೊಳಗೆ ಆಳು, ಕೆಳಗೆ ಬಿಳಿ ಅರಿವೆ. ಈ ಸಲ ಅರಿವೆಗೆ ಚುಕ್ಕೆ ಬೀಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಸ್ತ್ರಿ ಕೈಯೆತ್ತಿ ತಡೆದು ಹಸಿರು ಬಣ್ಣ ಕಲಸಿದರು. ಗೋಡೆಗೆ ನೀರು ಹಾಯಿಸುವುದಕ್ಕೂ ಒಂದು ಕ್ರಮ ಇದೆ. ಕೆಳಗಿನಿಂದ ಶುರು ಮಾಡಬೇಕು. ಮೊದಲು ಟ್ರೇ-ಗೋಡೆ ಕೂಡುವ ಅಂಚು, ಸ್ವಲ್ಪ ಹೊತ್ತು ಕಾಯುವುದು, ಆಮೇಲೆ ಮೊಳಕಾಲೆತ್ತರ, ಮತ್ತೆ ಕಾಯುವುದು, ಆಮೇಲೆ ಸೊಂಟದೆತ್ತರ, ಹೀಗೆ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ನೀರು ಕೆಳಗಿನ ಎಲ್ಲ ಸಂದಿಗಳನ್ನೂ ತೋಯಿಸಿ ಗುರುತು ಕೆಡಿಸುತ್ತದೆ. ಅಂಚು ಒಣಗಿಯೇ ಇತ್ತು, ಮೊಳಕಾಲೆತ್ತರ, ಸೊಂಟದೆತ್ತರವೂ. ಎದೆಯೆತ್ತರಕ್ಕೆ ಬಂದಾಗ ಹಿಂಗೋಡೆಯ ಬುಡದಲ್ಲಿ, ದಬ್ಬಣ ಮೊದಲೇ ಹೇಳಿದ್ದ ಆ ಅಂಗೈಯಗಲದ ಜಾಗದಲ್ಲಿ, ಹಸಿರು ತೇವ ಮೂಡಿತು.

ಗೋಡೆಯ ಹಾಳೆಯನ್ನು ಒಂದು ಬದಿಯಿಂದ ಬಿಚ್ಚಿದರು. ಹಿಂಬದಿಯ ತಗಡಿನ ಮೇಲೆ ಒಂದು ಬಿಳಿ ಗೆರೆ ಮೇಲಿನಿಂದ ಕೆಳಕ್ಕೆ ನೇರ ಇಳಿದಿತ್ತು. ಈ ಕಡೆಯ ಬೋರಿನ ನೀರು ಸವಳು. ಅದು ಹರಿದಲ್ಲೆಲ್ಲ ಆರಿದ ಮೇಲೆ ಉಪ್ಪು ಉಳಿಯುತ್ತದೆ. ಪಾತ್ರೆ ಕೆಡಿಸುವ, ಸ್ನಾನದ ಹಂಡೆಗೆ ಪೊರೆ ಕಟ್ಟುವ ಅದೇ ಉಪ್ಪು ಇಲ್ಲಿ ಸಾಕ್ಷಿಯಾಯಿತು. ಗೆರೆಯ ತಲೆ ಹಿಡಿದು ಮೇಲೆ ಹೋದರೆ ಶವರು ಸಿಕ್ಕಿಸುವ ಕೊಕ್ಕೆಯ ಎರಡು ಸ್ಕ್ರೂ. ಕೊಕ್ಕೆಯನ್ನು ಹಿಡಿದು ಹಿಡಿದು ಸ್ಕ್ರೂ ಸಡಿಲಾಗಿ, ತೂತು ಅಗಲವಾಗಿ, ಸಿಡಿದ ನೀರು ಅದರ ಮೂಲಕ ಗೋಡೆಯ ಹಿಂದೆ ಇಳಿಯುತ್ತಿತ್ತು. ಗಾಡಿಯ ಒಳಗೆ ಎಲ್ಲೇ ಸೋರಿದರೂ ಇಂಥ ಬಿಳಿ ಗೆರೆಯನ್ನು ಮೊದಲು ಹುಡುಕಿ. ನೀರು ಆರಿ ಹೋಗಿರುತ್ತದೆ, ಉಪ್ಪು ಹೋಗಿರುವುದಿಲ್ಲ. ಸ್ಕ್ರೂ ತೆಗೆದು ತೂತಿಗೆ ಸೀಲಂಟು ತುಂಬಿ, ರಬ್ಬರ್ ವಾಷರು ಹಾಕಿ, ಹಿಂದೆ ಮರದ ತುಂಡಿನ ಆಸರೆ ಕೊಟ್ಟು ಬಿಗಿಯುವ ಹೊತ್ತಿಗೆ ಸಂಜೆಯಾಯಿತು. ಆಮೇಲೆ ಹುಡುಗರು ಬಾವಿ ನೋಡಲು ಹೋದರು.

ಸೋರಿಕೆಯೊಂದಿಗೆ ಸೇರಿದ ಇನ್ನೊಂದು ಮಾತನ್ನು ಬೀಳಗಿಯಲ್ಲೇ ತೀರ್ಮಾನಿಸಿದರು. ಇಷ್ಟು ದಿನ ಜಳಕದ ನೀರು ತೂತಿನಿಂದ ನೇರ ರಸ್ತೆಗೆ ಬೀಳುತ್ತಿತ್ತು. ಈಗ ಗಾಡಿಯ ಅಡಿಗೆ ಒಂದು ಸಣ್ಣ ಟ್ಯಾಂಕು ಕಟ್ಟಿ ಅದರಲ್ಲಿ ಹಿಡಿಯಬೇಕು, ಊರು ಸಿಕ್ಕಲ್ಲಿ ಚರಂಡಿಗೆ ಬಿಡಬೇಕು. ಆತ್ಮಕೂರಿನ ಮುಂದೆ ನಡೆಯುವವರು ಅಡವಿಯ ಕಾಲುದಾರಿ ಹಿಡಿದರೆ ಗಾಡಿಗಳು ದೋರ್ನಾಲದ ಕಡೆಯಿಂದ ಸುತ್ತಿ ಬರುತ್ತವೆ. ಅದು ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ಅಭಯಾರಣ್ಯದ ನೆಲ. ಅಲ್ಲಿನ ಹಳ್ಳದ ನೀರನ್ನು ಕಾಡಿನ ಜೀವಗಳು ಕುಡಿಯುತ್ತವೆ. ಅದಕ್ಕೆ ನಮ್ಮ ಸಾಬೂನಿನ ನೊರೆ ಸೇರಬಾರದು. ಗಾಡಿಯ ರೂಪ ಬದಲಿಸಿದ್ದನ್ನು ಸಾರಿಗೆ ಕಚೇರಿಯಲ್ಲಿ ಆರ್.ಸಿ. ಪುಸ್ತಕಕ್ಕೆ ಸೇರಿಸಿಕೊಳ್ಳುವುದೂ ಅಷ್ಟೇ ಅಗತ್ಯ. 1988ರ ಮೋಟಾರು ವಾಹನ ಕಾಯ್ದೆ ಒಪ್ಪಿಗೆಯಿಲ್ಲದ ಬದಲಾವಣೆಯನ್ನು ಮನ್ನಿಸುವುದಿಲ್ಲ.

ಶ್ರೀಶೈಲಕ್ಕಷ್ಟೇ ಅಲ್ಲ, ಸವದತ್ತಿ ಎಲ್ಲಮ್ಮನಿಗೋ, ಪಂಢರಪುರಕ್ಕೋ ಗಾಡಿ ಕಟ್ಟುವ ತಂಡಗಳಿಗೆ ನನ್ನದೊಂದು ಕೋರಿಕೆ ಇದೆ. ಜಳಕದ ಕೋಣೆ ಇಲ್ಲದಿದ್ದರೆ ಒಂದು ಮಾಡಿಸಿ, ಇದ್ದರೆ ಸೋರುತ್ತದೆಂದು ಕಿತ್ತು ಹಾಕಬೇಡಿ. ರೊಟ್ಟಿಯ ಬುಟ್ಟಿ ಏರಿಸುವ ಎಂಟು ದಿನ ಮೊದಲು ಗಾಡಿಯನ್ನು ಸಮ ನಿಲ್ಲಿಸಿ, ಟ್ರೇಯಲ್ಲಿ ಎರಡು ಬೆರಳು ಬಣ್ಣದ ನೀರು ತುಂಬಿ, ಒಬ್ಬರನ್ನು ಒಳಗೆ ನಿಲ್ಲಿಸಿ, ಇನ್ನೊಬ್ಬರು ಕೆಳಗೆ ಬಿಳಿ ಅರಿವೆ ಹಿಡಿದು ನೋಡಿ. ಸೋರಿದರೆ ಸರಿಪಡಿಸಲು ಎಂಟು ದಿನ ಸಾಕು.